ಎಂಜಿನ್ನಿಗೆ ಪೀಪಾಯಿ ಹಾಕಿಸಿದ್ದು

ಓಡುತ್ತಿರುವ ಯಂತ್ರಕ್ಕೆ ಕೈ ಹಚ್ಚಬಾರದು ಎಂಬ ಬುದ್ಧಿ ಯಂತ್ರ ಇಲ್ಲದವರಿಗೆಲ್ಲ ಇರುತ್ತದೆ. ಇರುವವನಿಗೆ ಮಾತ್ರ ಇರುವುದಿಲ್ಲ. ಹಳೇಕೋಟೆಯಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲು ಇದ್ದ ಕಾಲದ ಮಾತು ಇದು. ಮಿಲ್ಲಿಗೂ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಎಣ್ಣೆ ಎಂಜಿನ್ನು, ಈಚೆ ನನ್ನ ಸಂಸಾರ. ಎಂಜಿನ್ನು ಹೊರಟಿತೆಂದರೆ ಅಡುಗೆಮನೆಯ ತಟ್ಟೆ ಲೋಟಗಳು ಹಲಗೆಯ ಮೇಲೆ ಕುಣಿಯುತ್ತಾ ಅಂಚಿಗೆ ಬರುತ್ತಿದ್ದವು. ನನ್ನ ಹೆಂಡತಿ ಗೌರಮ್ಮ ಅವನ್ನು ಮತ್ತೆ ಗೋಡೆಗೆ ತಳ್ಳುತ್ತಿದ್ದಳು. ಹೀಗೆ ಎಷ್ಟೋ ವರ್ಷ ನಡೆಯಿತು, ಯಾರಿಗೂ ಇದೊಂದು ತೊಂದರೆ ಎಂದು ಅನ್ನಿಸಿರಲಿಲ್ಲ.

ತೊಂದರೆ ಬಂದದ್ದು ಮಗಳು ಗಿರಿಜೆಯನ್ನು ನೋಡಲು ಚನ್ನರಾಯಪಟ್ಟಣದವರು ಬಂದಾಗ. ಹುಡುಗಿಯ ಹೆಸರು ಕೇಳಿದರು, ಹೇಳಿದಳು. ಹಾಡು ಅಂದರು, ಹಾಡಿದಳು. ಗೋಡೆಯಾಚೆ ಎಂಜಿನ್ನು ಡಬ್ ಡಬ್ ಅನ್ನುತ್ತಲೇ ಇತ್ತು. ಅವರು ತಲೆದೂಗಿದರು, ಉಪ್ಪಿಟ್ಟು ತಿಂದರು, ಹೋದರು. ಆಮೇಲೆ ಯಾರ ಬಾಯಲ್ಲೋ ಸುದ್ದಿ ಬಂತು: ಹುಡುಗಿ ಲಕ್ಷಣವಾಗಿದ್ದಾಳೆ, ಪಾಪ, ಮೂಗಿ. ಬಾಯಿ ಆಡಿಸುತ್ತಾಳೆ, ಮಾತು ಹೊರಡುವುದಿಲ್ಲ! ಬೆಳಗ್ಗೆ ಎದ್ದಾಗಿನಿಂದ ಬಾಯಿಗೆ ಬಿಡುವು ಕೊಡದ ನನ್ನ ಮಗಳು ಆ ದಿನ ನಿಜವಾಗಿಯೂ ಮಾತು ಬಿಟ್ಟು ಮೂಲೆಯಲ್ಲಿ ಕೂತಳು. ಇಂಥ ಸುದ್ದಿ ನಾಲ್ಕು ಊರು ಸುತ್ತಿದರೆ ಆ ಮಗುವಿಗೆ ಗಂಡು ಎಲ್ಲಿಂದ ತರಲಿ?

"ಎಣ್ಣು ನೋಡಕ್ಕೆ ಬಂದ ದಿನ ಮಿಸನ್ ನಿಲ್ಸಿದ್ರೆ ನಿಮ್ ಗಂಟೇನು ಓಗ್ತಿತ್ತು?" ಎಂದಳು ಗೌರಮ್ಮ. ನ್ಯಾಯವಾದ ಪ್ರಶ್ನೆಯೇ. ಆದರೆ ಗಂಡಿನ ಕಡೆಯವರು ಹೇಳಿ ಬರುವುದಿಲ್ಲ. ಹೇಳದೆ ಬಂದರೇ ಮನೆಯ ಹದ ಗೊತ್ತಾಗುವುದು ಎಂದು ನಮ್ಮ ಕಡೆ ಲೆಕ್ಕ. ಅವರು ಬಂದ ಮೇಲೆ ನಿಲ್ಲಿಸೋಣವೆಂದರೆ, ನನ್ನ ಎಂಜಿನ್ನನ್ನು ಮತ್ತೆ ಹೊರಡಿಸಲು ಅದರ ತಲೆಯನ್ನು ದೀಪ ಹಿಡಿದು ಕೆಂಪಗೆ ಕಾಯಿಸಿ, ಇಬ್ಬರು ಚಕ್ರಕ್ಕೆ ಜೋತುಬಿದ್ದು ತಿರುಗಿಸಬೇಕು. ಅಷ್ಟರಲ್ಲಿ ರಾಗಿ ಹೊತ್ತು ಬಂದ ಹೆಂಗಸರು ನನ್ನ ಜನ್ಮ ಜಾಲಾಡಿರುತ್ತಾರೆ.

ಹಾಸನದಿಂದ ಮಿಸ್ತ್ರಿ ಕರೀಂ ಸಾಹೇಬರನ್ನು ಕರೆಸಿದೆ. ಅವರು ಎಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹೊಗೆ ಕೊಳವೇನ ಒಂದು ಕಬ್ಬಿಣದ ಪೀಪಾಯಿಗೆ ಸೇರ್ಸಿ, ಪೀಪಾಯಿ ಭೂಮೀಲಿ ಹೂತುಬಿಡೋಣ ಸಾವ್ಕಾರ್ರೆ. ಸದ್ದು ಒಳಗೇ ಸಾಯುತ್ತೆ" ಎಂದರು. ಯುದ್ಧದ ಕಾಲ, ಕಬ್ಬಿಣದ ಬೆಲೆಗೆ ಬೆಂಕಿ ಬಿದ್ದಿತ್ತು. ಅವರು ಹೇಳಿದ ಖರ್ಚು ಕೇಳಿ ನನಗೆ ತಲೆ ಧಿಂ ಅಂದಿತು. ಎಲ್ಲ ಖರ್ಚನ್ನೂ ಎಮ್ಮೆಯಲ್ಲಿ ಅಳೆಯುವುದು ನನ್ನ ಚಾಳಿ. ಇದು ಸರಿಯಾಗಿ ಅರ್ಧ ಎಮ್ಮೆ ಆಯಿತು. ಜೊತೆಗೆ ಎಂಜಿನ್ನಿನ ಎಳೆತ ಸ್ವಲ್ಪ ಕಮ್ಮಿಯಾಗಬಹುದು ಎಂದೂ ಸೇರಿಸಿದರು. ಕೊಟ್ಟ ದುಡ್ಡಿಗೆ ಎಂಜಿನ್ನು ಇನ್ನೂ ಜೋರಾಗಿ ಓಡಬೇಕಲ್ಲವೇ? ದುಡ್ಡು ಕೊಟ್ಟು ನಿಧಾನ ಮಾಡಿಸಿಕೊಳ್ಳುವುದು ಯಾವ ಸೀಮೆಯ ಜಾಣತನ? ಜಗಲಿಯ ಮೇಲೆ ಕೂತು ಯೋಚಿಸಿದೆ, ಸ್ನಾನ ಮಾಡುತ್ತಾ ಯೋಚಿಸಿದೆ, ಹೊಳೆನರಸೀಪುರದ ಸಂತೆಗೆ ಹೋಗಿ ಬೇಕೆಂದೇ ಎಮ್ಮೆಗಳ ಮುಂದೆ ನಿಂತು ಯೋಚಿಸಿದೆ. ಬೇಡವೆಂದು ನಿರ್ಧರಿಸಿ ಮನೆಗೆ ಬಂದರೆ, ಗಿರಿಜೆ ಬಾವಿಕಟ್ಟೆಯ ಹತ್ತಿರ ಒಬ್ಬಳೇ ನಿಂತು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಮರುದಿನವೇ ಪೀಪಾಯಿಗೆ ಗುಂಡಿ ತೋಡಿಸಿದೆ.

ಸಾಹೇಬರ ಕೈಗುಣ ದೊಡ್ಡದು. ಎಂಜಿನ್ನು ಓಡುತ್ತಿದೆಯೋ ಇಲ್ಲವೋ ಎಂದು ನಾನೇ ಹೋಗಿ ಚಕ್ರ ನೋಡಬೇಕಾಯಿತು. ತಟ್ಟೆಗಳು ಇಟ್ಟ ಕಡೆಯೇ ಕೂತವು. ಸ್ವಲ್ಪ ದಿನಕ್ಕೆ, ಎಂದಿನಂತೆ ಹೇಳದೆ ಕೇಳದೆ, ಅರಕಲಗೂಡಿನವರು ಬಂದಿಳಿದರು: ಹುಡುಗ, ಅವನ ತಾಯಿ, ತಂದೆ. ಮಿಲ್ಲಿನಲ್ಲಿ ರಾಗಿಯ ಹೆಂಗಸರು ಸಾಲುಗಟ್ಟಿದ್ದರು, ಎಂಜಿನ್ನು ಓಡುತ್ತಿತ್ತು, ಪಡಸಾಲೆಯಲ್ಲಿ ಮಾತ್ರ ತಣ್ಣಗಿತ್ತು. ಗಿರಿಜೆ ಹೆಸರು ಹೇಳಿದಳು, ಹಾಡಿದಳು, ಕೇಳದಿದ್ದ ಎರಡು ಪ್ರಶ್ನೆಗೂ ಉತ್ತರ ಕೊಟ್ಟಳು. ಹುಡುಗನ ತಾಯಿಯ ಮುಖ ಅರಳಿತು. ಅರ್ಧ ಎಮ್ಮೆ ಸಾರ್ಥಕವಾಯಿತು ಎಂದುಕೊಂಡು ನಾನು ಹಿಗ್ಗಿ ಅಡುಗೆಮನೆಗೆ ಹೋದೆ. ಗೌರಮ್ಮನ ಹತ್ತಿರ ನಿಂತು ಪಿಸುಗುಟ್ಟಿದೆ: "ಹುಡುಗ ಚಿನ್ನದಂಥೋನು ಕಣೇ. ಅಪ್ಪ ಮಾತ್ರ ಎಂಜಲು ಕೈಲಿ ಕಾಗೆ ಓಡ್ಸದ ಆಸಾಮಿ ಹಂಗೆ ಕಾಣ್ತಾನೆ."

ಪಡಸಾಲೆಯಲ್ಲಿ ಮಾತು ನಿಂತುಹೋಯಿತು. ಇಷ್ಟು ವರ್ಷ ಎಂಜಿನ್ನಿನ ಮೇಲೆ ದನಿ ಏರಿಸಿ ಬದುಕಿದವನು ನಾನು; ನನ್ನ ಪಿಸುಮಾತು ಎಂದರೆ ಬೇರೆಯವರ ಕೂಗು ಎಂಬುದು ಆ ಗಳಿಗೆಯವರೆಗೆ ನನಗೆ ತಿಳಿದಿರಲಿಲ್ಲ. ಮಗಳ ಮದುವೆಯನ್ನು ಅಪ್ಪನೇ ಕೆಡಿಸಿದನಲ್ಲಪ್ಪ ಎಂದು ಒಲೆಯ ಮುಂದೆ ಕಲ್ಲಾಗಿ ನಿಂತೆ.

"ಯಜಮಾನ್ರೇ, ಈಚೆಗೆ ಬನ್ನಿ" ಎಂದು ಕರೆದರು ಹುಡುಗನ ತಂದೆ. ಹೋದೆ. ಅವರು ಕೋಪಿಸಿಕೊಂಡಂತೆ ಕಾಣಲಿಲ್ಲ. "ನೀವಂದದ್ದು ದಿಟ ಕಣ್ರೀ. ಕಾಗೆ ಓಡ್ಸಬೇಕಾದ್ರೆ ನಾನು ಕೈ ತೊಳ್ಕಂಡೇ ಓಯ್ತೀನಿ. ಬೇರೆ ಮನೇಲೆಲ್ಲ ನಾನು ಎದ್ದೋದ್ಮೇಲೆ ಅಂತಾರೆ, ನೀವು ಕುಂತಿದ್ದಂಗೇ ಅಂದ್ರಿ. ಒಟ್ಟೇಲಿ ಒಂದು, ಬಾಯಲ್ಲಿ ಒಂದು ಇಟ್ಕಳ್ಳೋ ಜನ ಅಲ್ಲ ನೀವು. ಎಣ್ಣು ನಮಗೆ ಒಪ್ಗೆ" ಎಂದರು. ಹುಡುಗ ತಲೆ ತಗ್ಗಿಸಿಕೊಂಡು ನಗುತ್ತಿದ್ದ. ಆಮೇಲೆ ಅವರು ಮಿಲ್ಲು ನೋಡಿ, ಪೀಪಾಯಿಯ ಖರ್ಚು ಕೇಳಿ, "ಅಯ್ಯೋ ಶಿವನೇ, ಇದಕ್ಕೆ ಅಷ್ಟೊಂದು ಸುರಿದ್ರಾ!" ಎಂದು ನಿಜವಾಗಿಯೂ ಸಂಕಟಪಟ್ಟರು.

ಅವರನ್ನು ಮತ್ತೆ ಪಡಸಾಲೆಯಲ್ಲಿ ಕೂರಿಸಿ, ನಾನು ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದೆ. ಗೌರಮ್ಮ ಕಣ್ಣೊರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು, ಗುಟ್ಟಾಗಿ ಹೇಳಿದಳು: "ಆ ಮಿಸ್ತ್ರಿ ಇನ್ನೊಂದ್ಸಲ ಬಂದ್ರೆ ನಿಮ್ಗೂ ಒಂದು ಪೀಪಾಯಿ ಆಕ್ಸಿಬಿಡಾನ."

ಮೊದಲು ಪಡಸಾಲೆಯಲ್ಲಿ ಬೀಗರು ನಕ್ಕರು. ಆಮೇಲೆ ಗೋಡೆಯಾಚೆ, ರಾಗಿ ಹಿಡಿದು ನಿಂತಿದ್ದ ಹೆಂಗಸರು.