ಒಂದು ಕೈ ಎದ್ದರೆ ಸಾಕು

ಕೆಲವರನ್ನು ನೆಂಟರು ಹುಡುಕಿಕೊಂಡು ಬರುತ್ತಾರೆ. ನನ್ನನ್ನು ಹುಡುಕಿಕೊಂಡು ಬರುವುದು ಇಂಥ ಪ್ರಸಂಗಗಳು. ನಾನು ಕೊಪ್ಪದಲ್ಲಿ ಮೂವತ್ತು ವರ್ಷದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡುವ ಮನುಷ್ಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನಲ್ಲಿ ಯಾರೇ ಭಾಷಣ ಮಾಡಲಿ, ಜನಕ್ಕೆ ಕೇಳಿಸಿದ್ದು ಅವರ ಧ್ವನಿ ಅಲ್ಲ, ನನ್ನ ಮೈಕಿನದ್ದು. ನಾನು ಇಲ್ಲಿ ನಿಂತು 'ಹಲೋ ಟೆಸ್ಟಿಂಗ್' ಅಂದರೆ ಬಾಳೆಹೊನ್ನೂರಿನ ಕಡೆ ಮೇಯುವ ದನಗಳು ತಲೆ ಎತ್ತಿ ನೋಡುತ್ತವೆ. ನಂಬಿಕೆ ಇಲ್ಲದವರು ಹೋಗಿ ದನಗಳನ್ನೇ ಕೇಳಬಹುದು.

ಈ ಸಲ ಹುಡುಕಿಕೊಂಡು ಬಂದದ್ದು ಭವಿಷ್ಯ ಹೇಳುವ ಒಬ್ಬರು ಸಾರ್. ಕವಡೆ ಹಾಕುವ, ಪಂಚಾಂಗ ಬಿಡಿಸುವ ಭವಿಷ್ಯ ಅಲ್ಲ. ಇನ್ನು ಐವತ್ತು ವರ್ಷಕ್ಕೆ ಮನುಷ್ಯರು ಹೇಗೆ ಬದುಕುತ್ತಾರೆ ಅಂತ ಲೆಕ್ಕ ಹಾಕಿ ಊರೂರಿಗೆ ಹೋಗಿ ಹೇಳುವವರು. ಒಳ್ಳೇ ಮನುಷ್ಯ. ಬೈದರೂ ನಗುತ್ತಾ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಭಾವನ ಪಂದ್ಯ

ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಭಾವನ ಟೀ ಹೋಟೆಲಿದೆ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ನಾನು ಮಾತಾಡುವಾಗ ಅರ್ಧಕ್ಕೇ ತಡೆಯುವ ಧೈರ್ಯ ಈ ಲೋಕದಲ್ಲಿ ಇಬ್ಬರಿಗಿದೆ. ಒಬ್ಬ ಅವನು, ಇನ್ನೊಬ್ಬಳು ಅವನ ತಂಗಿ.

ಸಾರ್ ಅಲ್ಲೇ ಕೂತು ಟೀ ಕುಡಿಯುತ್ತಾ ತಮ್ಮ ಲೋಕವನ್ನು ಬಿಚ್ಚಿಟ್ಟರು. ಎಲ್ಲ ಕೆಲಸ ಯಂತ್ರಕ್ಕೆ, ಮನುಷ್ಯನಿಗೆ ಆರಾಮ. ಅಂಗಡಿ ಇಲ್ಲ, ದುಡ್ಡು ಇಲ್ಲ, ಜಗಳ ಇಲ್ಲ. ಇದನ್ನು ಈಗಲೇ ಶುರು ಮಾಡಿ ನೋಡುವುದಕ್ಕೆ ಅವರಿಗೆ ಒಂದು ಊರು ಬೇಕಿತ್ತು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಸೀತೂರು, ನಾಲ್ಕು ಕಡೆ ಸಭೆ.

ನನಗೆ ಕೇಳಿ ಕೇಳಿ ಮೈ ಜುಮ್ಮೆಂದಿತು. "ಸಾರ್, ನನ್ನ ಮೈಕಲ್ಲಿ ಹೇಳಿ. ಊರಿಗೆ ಊರೇ ಕೈ ಎತ್ತತ್ತೆ," ಅಂದೆ.

ಭಾವ ಲೋಟ ತೊಳೆಯುತ್ತಾ, "ಊರು ಬೇಡ ಮಾರಾಯ. ಒಂದು ಕೈ ಎದ್ದರೆ ಸಾಕು, ನೀನು ಗೆದ್ದೆ," ಅಂದ.

"ಗೆದ್ದರೆ?"

"ಒಂದು ತಿಂಗಳು ನೀನು ಹೇಳಿದ್ದಕ್ಕೆಲ್ಲ ಹೌದು ಹೌದು ಅಂತೀನಿ."

"ಸೋತರೆ?"

"ಒಂದು ತಿಂಗಳು ನೀನು ಮಾತಾಡೋ ಹಾಗಿಲ್ಲ. ಇಲ್ಲೂ ಇಲ್ಲ, ಮನೇಲೂ ಇಲ್ಲ, ಮೈಕಲ್ಲೂ ಇಲ್ಲ."

ಪಕ್ಕದ ಟೇಬಲಿನವರು ಬನ್ಸ್ ಹರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಭಾವ ದೊಡ್ಡ ಮನಸ್ಸು ಮಾಡಿ ಇನ್ನೂ ಸೇರಿಸಿದ. ಸಾರ್ ಕೈ ಲೆಕ್ಕಕ್ಕಿಲ್ಲ, ಆದರೆ ನನ್ನ ಕೈ ಬೇಕಾದರೆ ಲೆಕ್ಕಕ್ಕೆ ಹಿಡಿಯಬಹುದು. ಸೋತ ಮೇಲೂ ಆ ತಿಂಗಳೊಳಗೆ ಯಾವತ್ತು ಬೇರೆ ಯಾರ ಕೈ ಎದ್ದರೂ ನನ್ನ ಬಾಯಿಗೆ ಬಿಡುಗಡೆ. ಎತ್ತಿದವರು ಮಾತ್ರ 'ಹೌದು, ಎತ್ತಿದೆ' ಅಂತ ಅವನ ಹತ್ತಿರ ಒಪ್ಪಬೇಕು.

ಸ್ವಂತ ಕೈ ಎತ್ತಿ ಗೆಲ್ಲುವ ದರಿದ್ರ ನನಗೇನು ಬಂದಿದೆ? ಆದರೂ ಬೇಡ ಅನ್ನಲಿಲ್ಲ. ಕಟ್ಟಕಡೆಗೆ ಇರಲಿ ಅಂತ ಒಳಗಿಟ್ಟುಕೊಂಡೆ.

ತಡವಾಗದ ಬಸ್ಸು

ಕೊಪ್ಪದ ಸಭೆಗೆ ಜನ ಚೆನ್ನಾಗಿ ಸೇರಿತ್ತು. ಮುಕ್ಕಾಲು ಜನ ಬಸ್ಸಿಗೆ ಕಾಯುವವರು ಅನ್ನುವುದು ಬೇರೆ ಮಾತು. ಸಾರ್ ಶುರುವಿನಲ್ಲೇ ಬಸ್ಸಿನ ವಿಷಯ ಎತ್ತಿದರು. ಡ್ರೈವರ್ ಇಲ್ಲದ, ಕಂಡಕ್ಟರ್ ಇಲ್ಲದ ಬಸ್ಸು. ಒಂದು ಸೆಕೆಂಡೂ ತಡವಾಗದೆ ತಾನೇ ಬರತ್ತೆ, ತಾನೇ ಹೋಗತ್ತೆ.

ಚೀಲ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಕೇಳಿದರು. "ಒಂದು ಸೆಕೆಂಡೂ ಕಾಯಲ್ವಾ?"

"ಇಲ್ಲಮ್ಮ. ಅಷ್ಟು ಕರಾರುವಾಕ್ಕು."

"ಹಾಗಾದ್ರೆ ನನಗೆ ಬಸ್ಸೇ ಸಿಗಲ್ಲ. ಈಗ ನಮ್ಮನೆ ಗೇಟಿನ ಹತ್ತಿರ ಡ್ರೈವರು ಹಾರ್ನ್ ಹೊಡೆದ ಮೇಲೇ ನಾನು ಸೀರೆ ಉಡೋಕೆ ಶುರು ಮಾಡೋದು."

ಅಲ್ಲೇ ನಿಂತಿದ್ದ ಕಂಡಕ್ಟರು ಕೈಯಲ್ಲಿದ್ದ ಔಷಧಿ ಪೊಟ್ಟಣ ಎತ್ತಿ ತೋರಿಸಿದ. "ಸಾರ್, ಇದನ್ನ ಮೂರನೇ ತಿರುವಿನ ಅಜ್ಜನಿಗೆ ಕೊಡಬೇಕು. ಕೊಟ್ಟು, ಊಟ ಆದ ಮೇಲೆ ತಗೊಳ್ಳಿ ಅಂತ ಹೇಳಬೇಕು. ಅಜ್ಜನಿಗೆ ಕಿವಿ ಕೇಳಲ್ಲ, ಎರಡು ಸಲ ಹೇಳಬೇಕು. ನಿಮ್ಮ ಬಸ್ಸು ಎಷ್ಟು ಸಲ ಹೇಳತ್ತೆ?"

ಸಾರ್ ಬರೆದುಕೊಂಡರು. ನಾನು ಮೈಕ್ ತೆಗೆದುಕೊಂಡು, "ಇಂಥ ಲೋಕ ಬೇಕು ಅನ್ನುವವರು ಕೈ ಎತ್ತಿ," ಅಂದೆ. ಒಂದೂ ಏಳಲಿಲ್ಲ. ಆ ಹೆಂಗಸೇ ಪಾಪ ಸಾರ್ ಮುಖ ನೋಡಲಾರದೆ ಸಮಾಧಾನ ಹೇಳಿದರು. "ಕೆಟ್ಟದ್ದು ಅಂತ ಅಲ್ಲ ಸಾರ್. ಮೊದಲು ಶೃಂಗೇರಿಯವರಿಗೆ ಮಾಡಿ. ಅವರಿಗೆ ಏನೂ ಆಗದಿದ್ರೆ ಆಮೇಲೆ ನಾವು ನೋಡುವ."

ಅಷ್ಟರಲ್ಲಿ ಬಸ್ಸು ಬಂದಿತ್ತು. ಅವರು ಈ ಮಾತು ಮುಗಿಸುವ ತನಕ ಅದು ನಿಂತೇ ಇತ್ತು.

ಅತ್ತೆಗೆ ಏನು ಕೆಲಸ

ಶೃಂಗೇರಿಯಲ್ಲಿ ಮಹಿಳಾ ಸಂಘದವರ ಸಭೆ. ಇಲ್ಲಿ ಗೆದ್ದೆ ಅಂತಲೇ ನಾನು ಮೈಕಿನ ಹಾರ್ನ್ ಕಟ್ಟಿದ್ದು. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ಅಡಿಗೆ ಮಾಡುವ ಯಂತ್ರ ಬೇಡ ಅನ್ನುವವರು ಯಾರು?

ಸಂಘದ ಅಧ್ಯಕ್ಷೆ ಎದ್ದರು. "ಆ ಯಂತ್ರ ಮಾಡಿದ ಸಾರಿಗೆ ಉಪ್ಪು ಜಾಸ್ತಿ ಆದ್ರೆ?"

"ಆಗೋದೇ ಇಲ್ಲ ಅಮ್ಮ."

"ಅನ್ನ ಮುದ್ದೆ ಆದ್ರೆ?"

"ಸಾಧ್ಯವೇ ಇಲ್ಲ. ತಪ್ಪು ಅನ್ನೋದೇ ಇರಲ್ಲ."

ಅಧ್ಯಕ್ಷೆ ಸ್ವಲ್ಪ ಯೋಚನೆ ಮಾಡಿದರು. "ಹಾಗಾದ್ರೆ ನಮ್ಮ ಅತ್ತೆ ಇಡೀ ದಿನ ಎಂತ ಮಾಡ್ತಾರೆ?"

ಹಿಂದಿನ ಸಾಲಿನಿಂದ ಒಂದು ಮುದಿ ಧ್ವನಿ ಬಂತು. "ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ."

ಅತ್ತೆ ಸೊಸೆ ಒಂದೇ ಮಾತಾಡಿದ್ದು ಅವರ ಮನೆಯ ಚರಿತ್ರೆಯಲ್ಲೇ ಮೊದಲಂತೆ. ಇಬ್ಬರೂ ಸೇರಿ, ಇದನ್ನು ಮೊದಲು ಎನ್.ಆರ್. ಪುರದವರಿಗೆ ಮಾಡಿ ಅಂತ ತೀರ್ಮಾನ ಕೊಟ್ಟರು.

ಸಾರ್ ಸೋಲು ಒಪ್ಪಲಿಲ್ಲ. ಅಡಿಗೆಯೇ ಬೇಕಾಗಲ್ಲ, ದಿನಕ್ಕೆ ಒಂದು ಮಾತ್ರೆ ನುಂಗಿದರೆ ಊಟ ಆದ ಹಾಗೆ ಅಂದರು. ಸಂಘದವರು ಸುಮ್ಮನೆ ಒಳಗೆ ಕರೆದು ಬಾಳೆಲೆ ಹಾಕಿ ಪತ್ರೊಡೆ ಬಡಿಸಿದರು. ಸಾರ್ ಆರು ತಿಂದು, ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರು. ಹಿಂದಿನ ಸಾಲಿನ ಆ ಅಜ್ಜಿ ಕೈಯನ್ನು ಮೆಲ್ಲಗೆ ಸರಿಸಿ ಏಳನೆಯದನ್ನು ಹಾಕಿದರು. "ಇದನ್ನ ಮಾತ್ರೆ ಅಂತ ತಿಳ್ಕೊಂಡು ನುಂಗಿ."

ಪುಕ್ಕಟೆ ಬಕೆಟ್

ಎನ್.ಆರ್. ಪುರದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟ ಒಬ್ಬ ಸಾಬರು ನನ್ನ ಹಳೇ ಸ್ನೇಹಿತರು. ಅವರ ಅಂಗಡಿ ಮುಂದೆಯೇ ಸಭೆ. ದುಡ್ಡೇ ಇಲ್ಲದ ಲೋಕ, ಯಾರಿಗೆ ಏನು ಬೇಕೋ ಪುಕ್ಕಟೆ ತೆಗೆದುಕೊಂಡು ಹೋಗುವುದು, ಅಂತ ಸಾರ್ ಹೇಳಿ ಮುಗಿಸಿದರು.

ಸಾಬರು ನಕ್ಕರು. "ಜನ ತಗೊಳ್ಳಲ್ಲ ಸಾರ್."

"ಪುಕ್ಕಟೆ ಕೊಟ್ಟರೆ ಯಾರು ಬಿಡ್ತಾರೆ?"

"ನೋಡಿಬಿಡುವ," ಅಂತ ಸಾಬರು ಒಂದು ಹೊಸ ಕೆಂಪು ಬಕೆಟ್ಟನ್ನು ಅಂಗಡಿ ಮುಂದಿಟ್ಟರು. ಬಂದವರಿಗೆಲ್ಲ, "ತಗೊಂಡು ಹೋಗಿ, ದುಡ್ಡು ಬೇಡ," ಅಂದರು.

ಮೊದಲು ಬಂದ ಹೆಂಗಸು ಬಕೆಟ್ಟಿಗೆ ಕೈಯನ್ನೂ ತಾಗಿಸಲಿಲ್ಲ. "ಎಲ್ಲಿ ಒಡೆದಿದೆ?" ಅಂದರು. ಎಲ್ಲೂ ಇಲ್ಲ ಅಂದರೆ, ಒಡೆದದ್ದು ಎಲ್ಲಿ ಅಂತಲೂ ಗೊತ್ತಾಗದಷ್ಟು ಒಡೆದಿದೆ ಅಂತ ಅವರಿಗೆ ಖಾತ್ರಿಯಾಯಿತು. ಎರಡನೆಯವರು, "ಇದು ಬೇಡ, ಒಳಗಿಂದ ಒಂದು ಒಳ್ಳೇದು ತೆಗೀರಿ," ಅಂತ ಅದೇ ತರದ್ದನ್ನು ಅರ್ಧ ಗಂಟೆ ಚೌಕಾಶಿ ಮಾಡಿ ಕೊಂಡುಹೋದರು. ಮೂರನೆಯವರು ಸಾಬರ ಹಣೆ ಮುಟ್ಟಿ, "ಮೈ ಹುಷಾರಿಲ್ವಾ?" ಅಂತ ಕೇಳಿದರು.

ಅಲ್ಲಿಯೂ ಕೈ ಏಳಲಿಲ್ಲ. ಮೊದಲು ಸೀತೂರಿನವರಿಗೆ ಮಾಡಿ ಅಂದರು.

ಹೊರಡುವಾಗ ಸಾಬರು ಬಕೆಟ್ಟನ್ನು ಸಾರ್ ಕೈಗೇ ಕೊಟ್ಟರು. "ನೀವೇ ಇಟ್ಕೊಳ್ಳಿ ಸಾರ್, ಪುಕ್ಕಟೆ." ಸಾರ್ ಥ್ಯಾಂಕ್ಸ್ ಅಂದರು. ಆಮೇಲೆ ಬಿಸಿಲಿಗೆ ಎತ್ತಿ ಹಿಡಿದು ತಳದಲ್ಲಿ ತೂತು ಇದೆಯಾ ಅಂತ ನೋಡಿದರು.

ಸೀತೂರಿನ ಬೇಲಿ

ಇನ್ನು ಉಳಿದದ್ದು ಸೀತೂರು ಒಂದೇ. ಭಾವ ಹೋಟೆಲಿಗೆ ಬಾಗಿಲು ಹಾಕಿ, ನನ್ನ ಸೋಲು ನೋಡಲಿಕ್ಕೆ ಅಂತಲೇ ಬಂದು ಮುಂದಿನ ಸಾಲಿನಲ್ಲಿ ಕೂತ. ಮಾತಿಲ್ಲದ ಒಂದು ತಿಂಗಳು ಅಂದರೆ ನನಗೆ ಊಟವಿಲ್ಲದ ಒಂದು ವರ್ಷ.

ಸಾರ್ ಕೊನೆಯ ಬಾಣ ಬಿಟ್ಟರು. "ಜಗಳವೇ ಇಲ್ಲದ ಲೋಕ. ಎಂಥ ಬೇಲಿ ತಕರಾರಾದರೂ ಯಂತ್ರ ಒಂದೇ ನಿಮಿಷದಲ್ಲಿ ತೀರಿಸುತ್ತದೆ."

ಇಬ್ಬರು ಒಟ್ಟಿಗೇ ಎದ್ದು ನಿಂತರು. ಅಕ್ಕಪಕ್ಕದ ಗದ್ದೆಯವರು. ಒಂದು ಮಾರು ಬೇಲಿಗೆ ಇಪ್ಪತ್ತೆರಡು ವರ್ಷದಿಂದ ಎನ್.ಆರ್. ಪುರದ ಕೋರ್ಟಿಗೆ ಅಲೆಯುವವರು.

"ಒಂದೇ ನಿಮಿಷನಾ? ಆಮೇಲೆ ನಾವು ಎಂತ ಮಾಡೋದು?" ಅಂದ ಮೊದಲನೆಯವನು.

"ವಾಯಿದೆ ದಿನ ಒಂದೇ ಸ್ಕೂಟರಲ್ಲಿ ಹೋಗ್ತೀವಿ ಸಾರ್. ಸ್ಕೂಟರ್ ಇವನದ್ದು, ಪೆಟ್ರೋಲ್ ನಂದು," ಅಂದ ಎರಡನೆಯವನು. "ಮುಂದಿನ ವಾಯಿದೆ ಅಂತಾರೆ. ಮಸಾಲೆ ದೋಸೆ ತಿಂದು ಬರ್ತೀವಿ. ಕೇಸು ಮುಗಿದ್ರೆ ಮನೇಲಿ ಏನಂತ ಹೇಳಿ ಹೊರಡೋದು?"

ಸಾರ್‌ಗೆ ತಲೆ ಕೆಟ್ಟಿತು. "ಅಂದರೆ ನೀವಿಬ್ಬರೂ ಸ್ನೇಹಿತರಾ?"

"ಛೆ ಛೆ. ಮಾತು ಬಿಟ್ಟು ಹತ್ತು ವರ್ಷ ಆಯ್ತು. ಸ್ಕೂಟರಲ್ಲಿ ಹೋಗುವಾಗ ಮಾತ್ರ ಮಾತಾಡೋದು."

ಊರ ಹಿರಿಯರು ಗಂಟಲು ಸರಿಮಾಡಿಕೊಂಡು, "ಮೊದಲು ಕೊಪ್ಪದವರಿಗೆ ಮಾಡಿ," ಅಂದರು. ಅಲ್ಲಿಗೆ ಸ್ವರ್ಗ ಮೂರು ತಾಲ್ಲೂಕು ಸುತ್ತಿ ಹೊರಟಲ್ಲಿಗೇ ಬಂತು.

ಭಾವ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟ. ಇನ್ನು ಮರ್ಯಾದೆ ನೋಡಿದರೆ ಆಗಲ್ಲ ಅಂತ ಒಳಗಿಟ್ಟಿದ್ದ ನನ್ನ ಕೈಯನ್ನೇ ಹೊರತೆಗೆದೆ. ಅದು ಗಾಂಭೀರ್ಯದಿಂದ ಸೊಂಟ ದಾಟಿ ಭುಜದ ತನಕ ಬಂತು. ಸಾರ್ ಅದನ್ನು ಕಂಡು ಕುಣಿದುಬಿಟ್ಟರು.

"ನೋಡಿ, ಇವರು ಧೀರರು. ಯಾಕೆ ಅಂದರೆ ಆ ಲೋಕದಲ್ಲಿ ಇವರ ಮೈಕ್ ಸೆಟ್ಟೇ ಇರಲ್ಲ. ಮಾತು ನೇರವಾಗಿ ಒಬ್ಬೊಬ್ಬರ ಕಿವಿಯೊಳಗೇ ಬರುತ್ತದೆ. ಬೇಡ ಅನಿಸಿದವರು ಅಲ್ಲೇ ಬಂದ್ ಮಾಡಿಕೊಳ್ಳಬಹುದು."

ಬಂದ್ ಮಾಡಿಕೊಳ್ಳಬಹುದಂತೆ. ನನ್ನ ಮಾತನ್ನು.

ಭುಜದ ತನಕ ಬಂದ ಕೈ ಅಲ್ಲೇ ನಿಂತು ಯೋಚನೆ ಮಾಡಿತು. ಆಮೇಲೆ ಕಿವಿ ತುರಿಸಿಕೊಂಡು, ಸದ್ದಿಲ್ಲದೆ ಇಳಿದು ಜೇಬಿಗೆ ಹೋಯಿತು.

ಹನ್ನೊಂದನೇ ದಿನ

ಇವತ್ತಿಗೆ ಹನ್ನೊಂದು ದಿನ. ಮಾತಾಡಬಾರದು ಅಂತ ಷರತ್ತಿದೆ, ಬರೆಯಬಾರದು ಅಂತ ಇಲ್ಲ. ಅದಕ್ಕೇ ಇಷ್ಟುದ್ದ ಬರೆದದ್ದು. ಮೈಕ್ ಟೆಸ್ಟಿಂಗಿಗೆ ಚಮಚದಲ್ಲಿ ಮೂರು ಸಲ ಬಡಿಯುತ್ತೇನೆ. ಬಾಳೆಹೊನ್ನೂರಿನ ದನಗಳು ತಲೆ ಎತ್ತಲೇ ಇಲ್ಲವಂತೆ, ಹುಲ್ಲು ಬೇಗ ಖಾಲಿಯಾಗುತ್ತಿದೆಯಂತೆ.

ಇವತ್ತು ಮಧ್ಯಾಹ್ನ ಸಾರ್ ಫೋನ್ ಮಾಡಿದರು. ಹೆಂಡತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ನನ್ನ ಲೋಕ ಒಬ್ಬರಿಗೂ ಬೇಡವಾಯ್ತಲ್ಲಮ್ಮ," ಅಂತ ಸಾರ್ ಬೇಜಾರು ಮಾಡಿಕೊಂಡರು.

"ಯಾಕೆ ಬೇಜಾರು ಸಾರ್?" ಅಂದಳು ಇವಳು. "ಅದು ನಮ್ಮನೆಗೆ ಬಂದು ಹನ್ನೊಂದು ದಿನ ಆಯ್ತು. ಜಗಳ ಇಲ್ಲ, ಗಲಾಟೆ ಇಲ್ಲ. ಬಡಿಸಿದ್ದನ್ನ ತಿಂದು ಏಳ್ತಾರೆ, ಉಪ್ಪಿನ ಮಾತೇ ಇಲ್ಲ. ನೀವು ಹೇಳಿದ ಲೋಕ ಇದೇ ಆದ್ರೆ ನಂದು ಎರಡೂ ಕೈ ಸಾರ್." ಅಂದವಳೇ ನಿಜವಾಗಿಯೂ ಎರಡೂ ಕೈ ಎತ್ತಿಬಿಟ್ಟಳು.

ನಾನು ಕುರ್ಚಿಯಿಂದ ಹಾರಿದೆ. ಕೇಳಿದ್ದು ಒಂದು, ಎದ್ದದ್ದು ಎರಡು. ಗೆದ್ದೆ ಅಂತ ಕೂಗಿದರೆ ಷರತ್ತು ಮುರಿದ ಹಾಗೆ. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು, ಬರೆದೆ: 'ಕೈ ಎದ್ದಿದೆ. ಈಗಲೇ ನಿನ್ನ ಅಣ್ಣನಿಗೆ ಫೋನ್ ಮಾಡಿ ಒಪ್ಪಿಕೋ.'

ಅವಳು ಕೈ ಮೇಲಿಟ್ಟುಕೊಂಡೇ ನಿಧಾನ ಓದಿದಳು. ಆಮೇಲೆ ಒಂದು ಕೈಯಲ್ಲಿ ಜಡೆ ಹಿಡಿದು ಇನ್ನೊಂದು ಕೈಯಲ್ಲಿ ಸುತ್ತಿ ಗಂಟು ಹಾಕಿದಳು.

"ಯಾವ ಕೈ? ನಾನು ತಲೆ ಕಟ್ಕೊಳ್ತಿದ್ದೆ," ಅಂದಳು. "ಇನ್ನು ಹತ್ತೊಂಬತ್ತು ದಿನ ಇದೆ ಅಲ್ವಾ? ಅಲ್ಲಿ ತನಕ ಈ ಲೋಕ ಇಲ್ಲೇ ಇರಲಿ. ಆಮೇಲೆ ಬೇಕಾದ್ರೆ ಶೃಂಗೇರಿಯವರಿಗೆ ಕಳಿಸುವ."