ಓರ್ಲಿನ್‌ಗೆ ಇನ್ನೂ ಹೇಳಿಲ್ಲ

ಎಲ್ಲಕ್ಕೂ ಕಾರಣ ಮೂರು ಸಾಲು. ಅದನ್ನು ಬರೆಯಲು ಓರ್ಲಿನ್ ಟ್ವೇಟ್‌ಗೆ ಹಿಡಿದದ್ದು ಎರಡು ಲೋಟ ಕಾಫಿ ಮತ್ತು ಹನ್ನೊಂದು ನಿಮಿಷ. ತೊಳೆದುಕೊಳ್ಳಲು ಇಡೀ ಬೇಸಿಗೆ ಹಿಡಿಯಿತು.

ಓರ್ಲಿನ್‌ನ ಹೆಂಡತಿ ಆರ್ಡಿಸ್ ನಮ್ಮ ಕೌಂಟಿ ಮಂಡಳಿಯ ಚುನಾವಣೆಗೆ ನಿಂತಿದ್ದಳು. ಮಿನೆಸೋಟಾದ ಈ ಮೂಲೆಯಲ್ಲಿ ಆ ಮಂಡಳಿ ತೀರ್ಮಾನಿಸುವುದು ಯಾವ ರಸ್ತೆಗೆ ಜಲ್ಲಿ ಹಾಕಬೇಕು, ಯಾವ ಕಾಲುವೆಯ ಹೂಳು ತೆಗೆಸಬೇಕು, ಇಷ್ಟೇ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ಆರ್ಡಿಸ್‌ಗೆ ಆ ರಸ್ತೆಗಳ ಒಂದೊಂದು ಹಳ್ಳವೂ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಆದರೂ ನಿಲ್ಲಬೇಕೆಂಬ ಹಟ ಅವಳದಲ್ಲ, ಗಂಡನದು. ನಲವತ್ತು ವರ್ಷ ಜೋಳದ ಬೀಜ ಮಾರಿ ಹೋದ ವರ್ಷ ನಿವೃತ್ತನಾದ ಓರ್ಲಿನ್, ಅಂದಿನಿಂದ ಗ್ಯಾರೇಜಿನ ಮೊಳೆಗಳನ್ನು ಉದ್ದದ ಪ್ರಕಾರ ಮೂರು ಸಲ ಜೋಡಿಸಿದ್ದ. ಈಗ ಅವನಿಗೊಂದು ಹುದ್ದೆ ಸಿಕ್ಕಿತ್ತು: ಹೆಂಡತಿಯ ಹೆಸರಿನಲ್ಲಿ ಚಂದಾ ಕೇಳುವ ಈಮೇಲ್ ಬರೆಯುವುದು. ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳಲು ಮತ್ತೊಂದು ಕಾರಣ ಹುಟ್ಟಿತ್ತು.

ಅದಕ್ಕಾಗಿ ವಾಷಿಂಗ್ಟನ್ನಿನ ಯಾವನೋ ಪಂಡಿತ ಕಂಪ್ಯೂಟರಿನಲ್ಲಿ ನಡೆಸಿದ ಎರಡು ಗಂಟೆಯ ತರಗತಿಗೂ ಕೂತಿದ್ದ. ಓದುವವನು ಮೊದಲು ಬೆಚ್ಚಬೇಕು, ಆಮೇಲೆ ಕಣ್ಣೊರೆಸಿಕೊಳ್ಳಬೇಕು, ಕೊನೆಗೆ ಗಡಿಯಾರ ನೋಡಬೇಕು, ಆಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ ಎಂದಿದ್ದ ಪಂಡಿತ. ಪತ್ರ ಮನೆಯವರೇ ಬರೆದಂತಿರಬೇಕು. ಹಣದ ಮಾತು ಎಲ್ಲಕ್ಕಿಂತ ಕೆಳಗೆ, ಕೆಂಪು ಬಟನ್ನಿನ ಹತ್ತಿರ. ಜಲ್ಲಿಯ ಚುನಾವಣೆಗೆ ಇಷ್ಟೆಲ್ಲ ಬೇಕೆ ಎಂದು ನೀವು ಕೇಳಬಹುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರನ್ನು ನೋಡಿಯೇ.

ಹೋದ ವಾರ ಒಂದು ಮುರಿದ ಮೋರಿಯ ಬಗ್ಗೆ "ನಾಗರಿಕತೆಯ ಕೊನೆಯ ಘಳಿಗೆ" ಎಂದು ತಲೆಬರಹ ಕೊಟ್ಟು ಕಳಿಸಿದ್ದಕ್ಕೆ ಆರ್ಡಿಸ್ ಚರ್ಚಿನಲ್ಲಿ ತಲೆ ಎತ್ತದಂತಾಗಿತ್ತು.

"ಇನ್ನೊಂದು ಸಲ ನನಗೆ ತೋರಿಸ್ದೆ ಕಳಿಸಿದ್ರೆ, ಈ ಕೆಲಸ ಮಾರ್ಲಿಸ್‌ಗೆ ಕೊಟ್ಬಿಡ್ತೀನಿ ನೋಡು," ಎಂದಿದ್ದಳು. ಮಾರ್ಲಿಸ್ ಅವಳ ತಂಗಿ. ಓರ್ಲಿನ್‌ಗೆ ಮತ್ತೆ ಮೊಳೆಗಳೇ ಗತಿ.

ಆದರೆ ಆ ಗುರುವಾರ ಸಂಜೆ ಐದರೊಳಗೆ ಒಂಬೈನೂರು ಡಾಲರ್ ಮುಂಗಡ ಕೊಡದಿದ್ದರೆ, ಅಂಗಳದಲ್ಲಿ ನೆಡುವ ಪ್ರಚಾರದ ಫಲಕಗಳನ್ನು ಮುದ್ರಕ ಮೊದಲು ಎದುರಾಳಿ ಗೇಲಾರ್ಡ್ ಬ್ರೆಕ್ಕೆಗೆ ಮಾಡಿಕೊಡುವವನಿದ್ದ. ಆರ್ಡಿಸ್ ಹೊತ್ತು ಮೂಡುವ ಮೊದಲೇ ಮತ ಕೇಳಲು ಉತ್ತರದ ಕಡೆಯ ಊರುಗಳಿಗೆ ಹೋಗಿದ್ದಳು; ಅಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ. ಓರ್ಲಿನ್ ಅಡುಗೆಮನೆಯ ಕಡೆ ನೋಡಿದ, ಗಡಿಯಾರದ ಕಡೆ ನೋಡಿದ, ಬರೆದೇ ಬಿಟ್ಟ. ತಲೆಬರಹ: "ಎಲ್ಲ ಮುಗಿಯಿತು."

"ಅಡುಗೆಮನೆಯ ಮೇಜಿನ ಮುಂದೆ ಒಬ್ಬಳೇ ಕೂತಿದ್ದೇನೆ. ಇನ್ನು ಹೀಗೇ ನಡೆಸಿಕೊಂಡು ಹೋಗಲು ನನ್ನಿಂದಾಗದು. ಓರ್ಲಿನ್‌ಗೆ ಇನ್ನೂ ಹೇಳಿಲ್ಲ."

ಅದರ ಕೆಳಗೆ ಫಲಕ, ಒಂಬೈನೂರು ಡಾಲರ್, ಸಂಜೆ ಐದು, ಕೆಂಪು ಬಟನ್. ಮೂರನೆಯ ಸಾಲನ್ನು ಎರಡು ಸಲ ಓದಿ ತನ್ನ ಬೆನ್ನು ತಾನೇ ತಟ್ಟಿಕೊಂಡ. ಪಟ್ಟಿಯಲ್ಲಿದ್ದ ಮುನ್ನೂರ ಹನ್ನೆರಡು ಜನರಿಗೂ ಬೆಳಿಗ್ಗೆ ಆರು ಗಂಟೆಗೆ ಪತ್ರ ಹೋಯಿತು.

ಎಂಟು ಗಂಟೆಗೆ ಪಕ್ಕದ ಮನೆಯ ವರ್ನಾ ಗಂಟೆ ಒತ್ತಿದಳು. ಕೈಯಲ್ಲಿ ಬಟ್ಟೆ ಸುತ್ತಿದ ಗಾಜಿನ ತಟ್ಟೆ, ಅದರಲ್ಲಿ ಕೊಚ್ಚಿದ ಮಾಂಸ, ಕೆನೆ, ಆಲೂಗಡ್ಡೆ ಹಾಕಿದ ಹಾಟ್‌ಡಿಶ್, ಕಷ್ಟ ಬಂದ ಮನೆಗೆ ನಮ್ಮವರು ಒಯ್ಯುವ ಅಡುಗೆ. ನಮ್ಮೂರಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು ಹವಾಮಾನದ ಮಾತು, ಆಮೇಲೆ ಬೆಂಕಿಯದು.

"ಬಿಸಿಲು ಬಂತಲ್ಲ," ಎಂದಳು ವರ್ನಾ.

"ಬಂತು."

"ಹೋದ ವಾರಕ್ಕಿಂತ ವಾಸಿ."

"ವಾಸಿ, ವಾಸಿ."

"ಇದನ್ನ ಅರ್ಧ ಗಂಟೆ ಬಿಸಿ ಮಾಡಿದ್ರೆ ಸಾಕು. ಓವನ್ ಹಚ್ಚೋಕೆ ಬರುತ್ತೆ ತಾನೆ ನಿಂಗೆ? ಕಲ್ತುಕೋಬೇಕಪ್ಪ. ಒಬ್ಬನೇ ಇದ್ರೂ ಊಟ ಬಿಡಬಾರ್ದು." ಮೂಗೊರೆಸಿಕೊಳ್ಳುತ್ತ ಅಂಗಳ ದಾಟಿ ಹೋದಳು.

ಪತ್ರ ನಾಟಿದೆ ಎಂದುಕೊಂಡ ಓರ್ಲಿನ್. ಹತ್ತು ಗಂಟೆಯ ಹೊತ್ತಿಗೆ ಒಂಬತ್ತು ಹಾಟ್‌ಡಿಶ್ ಬಂದಿದ್ದವು. ತಂದವರೆಲ್ಲ ಬಿಸಿಲನ್ನು ಹೊಗಳಿ, ಅವನ ಮುಖವನ್ನು ಮಾತ್ರ ನೋಡದೆ ಹೋದರು. ಕಂಪ್ಯೂಟರಿನಲ್ಲಿ ಚಂದಾ ನೋಡಿದರೆ ಒಟ್ಟು ಐದು ಡಾಲರ್, ಹೆಸರು ಬೇಡವೆಂದ ಯಾರೋ ಪುಣ್ಯಾತ್ಮನದು. ಅಷ್ಟರಲ್ಲಿ ಪಾದ್ರಿಗಳು ಬಂದರು. ಅವರ ಕೈಯಲ್ಲೂ ತಟ್ಟೆ.

"ಸಿಟ್ಟು ಇಟ್ಕೋಬೇಡಿ, ಓರ್ಲಿನ್," ಎಂದು ಭುಜದ ಮೇಲೆ ಕೈಯಿಟ್ಟರು.

"ಯಾರ ಮೇಲೆ?"

"ಯಾರ ಮೇಲೂ," ಎಂದು ಪಾದ್ರಿಗಳು ಆಕಾಶ ನೋಡಿ, ಸಂಜೆ ಮೋಡ ಆಗಬಹುದೆಂದರು.

ತಲೆ ಸರಿಮಾಡಿಕೊಳ್ಳಲು ಓರ್ಲಿನ್ ಕೆಫೆಗೆ ಹೋದ. ಅಲ್ಲಿ ಅವನ ಗೆಳೆಯರು ದಿನಾ ದಾಳ ಉರುಳಿಸುತ್ತಾರೆ, ಸೋತವನು ಎಲ್ಲರ ಕಾಫಿಗೆ ಕೊಡಬೇಕು. ಅವನು ಕಾಲಿಟ್ಟದ್ದೇ ಮೇಜಿನ ಸುತ್ತ ಇದ್ದವರೆಲ್ಲ ತಂತಮ್ಮ ಲೋಟದೊಳಗೆ ನೋಡತೊಡಗಿದರು. ಇಪ್ಪತ್ತೆರಡು ವರ್ಷದಲ್ಲಿ ದಾಳ ಹೇಗೇ ಬಿದ್ದರೂ ಒಂದು ಕಾಸು ಬಿಚ್ಚದ ಎಲ್ರಾಯ್, ದಾಳ ಮುಟ್ಟದೆಯೇ ಎದ್ದು ಓರ್ಲಿನ್‌ನ ಕಾಫಿಗೆ ಹಣ ಇಟ್ಟ.

"ಏನಾಯ್ತೋ ಎಲ್ರಾಯ್?"

"ಏನಿಲ್ಲಪ್ಪ. ಮೀನು ಹಿಡಿಯೋಕೆ ನನ್ನ ದೋಣಿ ಬೇಕಾದ್ರೆ ತಗೋ."

ಆ ದೋಣಿಯನ್ನು ಎಲ್ರಾಯ್ ಸ್ವಂತ ತಮ್ಮನಿಗೂ ಕೊಟ್ಟವನಲ್ಲ. "ಎಷ್ಟು ದಿನಕ್ಕೆ?" ಎಂದ ಓರ್ಲಿನ್.

"ಎಷ್ಟು ದಿನ ಅಂತ ನಾನು ಲೆಕ್ಕ ಇಡಲ್ಲ. ಪಾಪ, ಇಟ್ಕೋ."

ಆ 'ಪಾಪ' ಕೇಳಿದ್ದೇ ಓರ್ಲಿನ್‌ಗೆ ಎಲ್ಲ ಹೊಳೆಯಿತು. ಮಂಗಳವಾರ ಅವನು ರಕ್ತಪರೀಕ್ಷೆಗೆ ಹೋಗಿದ್ದ. ಅಲ್ಲಿ ಕೆಲಸ ಮಾಡುವವಳು ವರ್ನಾಳ ಸೊಸೆ. ಊರಿಗೆಲ್ಲ ಗೊತ್ತಾಗಿದೆ, ತನಗೊಬ್ಬನಿಗೆ ಗೊತ್ತಿಲ್ಲ. ಕಾರಿನಲ್ಲಿ ಕೂತು ಆಸ್ಪತ್ರೆಗೆ ಫೋನು ಹಚ್ಚಿದ.

"ನೇರವಾಗಿ ಹೇಳ್ಬಿಡಮ್ಮ. ಎಷ್ಟು ದಿನ ಇದೆ?"

"ಯಾವುದಕ್ಕೆ?" ಎಂದಳು ನರ್ಸ್.

"ಬದುಕೋಕೆ."

ಕಾಗದ ತಿರುವುವ ಸದ್ದಾಯಿತು. "ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಇದೆ ಅಷ್ಟೆ. ಕೆನೆ, ಚೀಸು, ಕೊಚ್ಚಿದ ಮಾಂಸ ಬಿಟ್ಟು, ದಿನಾ ನಡೆದ್ರೆ ಇನ್ನೂ ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ."

ಇಪ್ಪತ್ತು ವರ್ಷ ಸಿಕ್ಕ ಖುಷಿಯಲ್ಲಿ ಮನೆಗೆ ಬಂದರೆ, ಮೆಟ್ಟಿಲ ಮೇಲೆ ಇನ್ನೂ ಏಳು ಹಾಟ್‌ಡಿಶ್ ಕಾದು ಕೂತಿದ್ದವು.

ಮೂರೂವರೆಗೆ ಬಂದವನು ಎದುರಾಳಿ ಗೇಲಾರ್ಡ್ ಬ್ರೆಕ್ಕೆ, ಅವನೂ ತಟ್ಟೆ ಸಮೇತ. ಬಿಸಿಲಿನ ವಿಚಾರ ಮುಗಿದ ಮೇಲೆ ಕೆಮ್ಮಿದ.

"ನೋಡು ಮಾರಾಯ, ನಿನ್ನ ಕಾಗದಾನ ಇಡೀ ಊರಲ್ಲಿ ಕೊನೆವರೆಗೂ ಓದಿದೋನು ನಾನೊಬ್ಬನೇ ಅನ್ಸುತ್ತೆ. ಎದುರಾಳಿ ಅಲ್ವಾ, ಓದ್ಲೇಬೇಕು. ಮಿಕ್ಕೋರೆಲ್ಲ ಮೂರು ಸಾಲಿಗೆ ಮುಚ್ಚಿಟ್ಟಿದ್ದಾರೆ."

"ಯಾಕೆ?"

"ಯಾಕೆ ಅಂದ್ರೆ? ಆರ್ಡಿಸ್ ನಿನ್ನ ಬಿಟ್ಟು ಹೋಗ್ತಿದ್ದಾಳೆ, ನಿನಗೆ ಇನ್ನೂ ಹೇಳಿಲ್ಲ ಅಂತ ಬರೆದ್ರೆ, ಮರ್ಯಾದಸ್ಥರು ಮುಂದಕ್ಕೆ ಓದ್ತಾರೇನೋ? ಇನ್ನೊಬ್ಬರ ಮನೆ ದುಃಖ."

ಓರ್ಲಿನ್ ಅವನು ತಂದ ತಟ್ಟೆಯನ್ನು ನೋಡಿದ. ಪಂಡಿತ ಎಲ್ಲ ಹೇಳಿಕೊಟ್ಟಿದ್ದ, ಓದುವವರಿಗೆ ನಾಚಿಕೆ ಎಂಬುದೊಂದು ಇರುತ್ತದೆ ಎಂದು ಮಾತ್ರ ಹೇಳಿರಲಿಲ್ಲ. "ಮತ್ತೆ ನೀನ್ಯಾಕೆ ಹಾಟ್‌ಡಿಶ್ ತಂದೆ?"

"ನಮ್ಮನೆಯವಳು ಮೂರೇ ಸಾಲು ಓದಿದ್ದು. ಬೇಯಿಸಿಟ್ಟಿದ್ಳು. ಆಮೇಲೆ, ಆ ಐದು ಡಾಲರೂ ನಂದೇ. ಕಾಗದ ಮುಚ್ಚೋಕೆ ಹೋಗಿ ಕೆಂಪು ಬಟನ್ ಒತ್ತಿಬಿಟ್ಟೆ. ವಾರವಾರವೂ ಕೊಡ್ತೀನಿ ಅಂತ ಮೊದ್ಲೇ ಗುರುತು ಹಾಕಿಟ್ಟಿದ್ದೀಯಲ್ಲ, ಅದನ್ನೊಂದು ತೆಗೆಸಪ್ಪ."

ಆ ಗುರುತು ತೆಗೆಯುವುದು ಹೇಗೆಂದು ಓರ್ಲಿನ್‌ಗೂ ಗೊತ್ತಿರಲಿಲ್ಲ. ಗೇಲಾರ್ಡ್ ಅತ್ತ ಹೋದನೋ ಇಲ್ಲವೋ, ಇತ್ತ ರಸ್ತೆಯ ತುದಿಯಲ್ಲಿ ಆರ್ಡಿಸ್‌ಳ ಕಾರು ಕಾಣಿಸಿತು. ಅಷ್ಟು ಹೊತ್ತಿಗೆ ತಟ್ಟೆಗಳು ಇಪ್ಪತ್ಮೂರು. ಫ್ರಿಜ್ಜಿನಲ್ಲಿ ಒಂಬತ್ತು ತುರುಕಿದ. ಉಳಿದ ಹದಿನಾಲ್ಕನ್ನು ಸ್ನಾನದ ತೊಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿ ಪರದೆ ಎಳೆದ.

ಆರ್ಡಿಸ್ ಒಳಗೆ ಬಂದವಳೇ ಅವನನ್ನು ಅಪ್ಪಿಕೊಂಡಳು. ಕಣ್ಣು ಕೆಂಪಾಗಿತ್ತು.

"ನಿಂಗೆ ಹೇಗೋ ಗೊತ್ತಾಯ್ತು?" ಎಂದಳು.

"ಏನು?"

"ಪೆಟ್ರೋಲ್ ಬಂಕಿನ ಹತ್ರ ಫೋನ್ ಸಿಕ್ತು. ನಿನ್ನ ಕಾಗದ ಬಂದಿತ್ತು. 'ಪ್ರೀತಿಯ ಆರ್ಡಿಸ್' ಅಂತ. ಮೂರು ಸಾಲು ಓದೋದ್ರಲ್ಲಿ ಕಣ್ಣು ಮಂಜಾಯ್ತು, ಮುಂದಕ್ಕೆ ಓದೋಕಾಗ್ಲಿಲ್ಲ. ನನಗೆ ಈ ಚುನಾವಣೆ ಬೇಡವಾಗಿ ಒಂದು ತಿಂಗಳಾಯ್ತು ಓರ್ಲಿನ್. ದಿನಾ ರಾತ್ರಿ ಇದೇ ಮೇಜಿನ ಮುಂದೆ ಕೂತು, ನಿನಗೆ ಹೇಗೆ ಹೇಳ್ಲಿ ಅಂತ ಯೋಚಿಸ್ತಿದ್ದೆ. ನೀನು ಅಷ್ಟು ಖುಷಿಯಾಗಿದ್ದೆ, ದಿನಾ ಗಡ್ಡ ಮಾಡ್ಕೊಳ್ತಿದ್ದೆ. ನನ್ನ ಬಾಯಲ್ಲಿ ಬರದೇ ಇದ್ದ ಮಾತನ್ನ ನೀನೇ ಬರೆದು ನನಗೆ ಕಳಿಸ್ಬಿಟ್ಟೆ. ಹೆಸರು ವಾಪಸ್ ತಗೊಳ್ಳೋಕೆ ಇವತ್ತೇ ಕೊನೆ ದಿನ. ನೇರ ಕೋರ್ಟ್‌ಹೌಸಲ್ಲಿರೋ ಚುನಾವಣೆ ಕಚೇರಿಗೆ ಹೋಗಿ ಸಹಿ ಹಾಕಿ ಬಂದೆ." ಅವನ ಕೆನ್ನೆ ಮುಟ್ಟಿದಳು. "ಮೂವತ್ನಾಲ್ಕು ವರ್ಷದಲ್ಲಿ ಮೊದಲನೇ ಸಲ, ನಾನು ಹೇಳ್ದೇನೆ ನಿನಗೆ ಅರ್ಥ ಆಯ್ತು."

ಓರ್ಲಿನ್‌ನ ಹುದ್ದೆ ಆ ಕ್ಷಣಕ್ಕೆ ಹೋಯಿತು. ಆದರೂ ಅವನ ಎದೆ ತುಂಬಿಬಂತು, ಯಾಕೆಂದರೆ ಆರ್ಡಿಸ್ ಅವನನ್ನು ಹಾಗೆ ನೋಡಿ ಬಹಳ ವರ್ಷವಾಗಿತ್ತು. ನಿಜ ಹೇಳಲು ಬಾಯಿ ತೆರೆದ. ತೆರೆದ ಬಾಯಿಂದ "ಹೂಂ" ಎಂದಷ್ಟೇ ಹೊರಟಿತು.

"ಮೈಯೆಲ್ಲ ಧೂಳು. ಸ್ನಾನ ಮಾಡಿ ಬರ್ತೀನಿ," ಎಂದಳು ಆರ್ಡಿಸ್.

ಅವನು ಅಡ್ಡ ಹೋಗುವಷ್ಟರಲ್ಲಿ ಪರದೆಯ ಉಂಗುರಗಳು ಸರ್ರೆಂದವು.

"ಓರ್ಲಿನ್," ಎಂದಳು ಆರ್ಡಿಸ್ ಒಳಗಿಂದ. "ಇದು ಸ್ವಲ್ಪ ಬೇರೆ ಥರ ಇದೆ."

ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

"ಎಷ್ಟು ಜನಕ್ಕೆ ಕಳಿಸಿದ್ದೆ?"

"ಮುನ್ನೂರ ಹನ್ನೆರಡು."

"ಮತ್ತೆ 'ಪ್ರೀತಿಯ ಆರ್ಡಿಸ್' ಅಂತಿತ್ತು?"

"ಅದು ಕಂಪ್ಯೂಟರೇ ಹಾಕೋದು. ವರ್ನಾಗೆ 'ಪ್ರೀತಿಯ ವರ್ನಾ' ಅಂತ ಹೋಗಿದೆ."

ಆರ್ಡಿಸ್ ತೊಟ್ಟಿಯ ಅಂಚಿನಲ್ಲಿ ಕೂತು ಒಂದು ತಟ್ಟೆಯನ್ನು ತಿರುಗಿಸಿ ನೋಡಿದಳು. ಕೆಳಗೆ ಅಂಟುಪಟ್ಟಿಯ ಮೇಲೆ ಒಡತಿಯ ಹೆಸರು ಬರೆದಿತ್ತು. ಎಲ್ಲದರ ಕೆಳಗೂ ಬರೆದಿತ್ತು. ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ತೊಳೆದು ಏನಾದರೂ ತುಂಬಿಯೇ ಕೊಡಬೇಕು.

"ಮಾಡಿದ್ದುಣ್ಣೋ ಮಹಾರಾಯ," ಎಂದಳು. "ಹಿತ್ತಲಲ್ಲಿ ರೂಬಾರ್ಬ್ ದಂಟು ಬೇಕಾದಷ್ಟಿದೆ. ಅದರಲ್ಲಿ ಸಿಹಿ ಬಿಲ್ಲೆ ಮಾಡೋದು ಕಲಿ. ಇಪ್ಪತ್ಮೂರು ಮನೆಗೂ ನೀನೇ ಹೋಗಿ ಕೊಟ್ಟು ಬರ್ಬೇಕು. ಮೊದ್ಲು ಆ ಕಂಪ್ಯೂಟರ್ ತಗೋ. ನಾನು ಹೇಳ್ತೀನಿ, ನೀನು ಬರಿ. ಬಟನ್ ಇಲ್ಲ, ಬಣ್ಣ ಇಲ್ಲ, ಬರೀ ನಿಜ."

ಓರ್ಲಿನ್ ವಿಧೇಯನಾಗಿ ಬರೆದ. ಆರ್ಡಿಸ್ ಮಿತಭಾಷಿ, ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಇವತ್ತು ಮಧ್ಯಾಹ್ನ ಕೋರ್ಟ್‌ಹೌಸಿಗೆ ಹೋಗಿ ಸಹಿ ಹಾಕಿ ಬಂದೆ. ಮನಸ್ಸು ಹಗುರಾಗಿದೆ. ಓರ್ಲಿನ್‌ಗೆ ಹೇಳಿದ್ದಾಯಿತು."

ಅದರ ಕೆಳಗೆ ನಾಲ್ಕನೆಯ ಸಾಲಿನಲ್ಲಿ ಚುನಾವಣೆ, ಐದನೆಯದರಲ್ಲಿ ಹಾಟ್‌ಡಿಶ್‌ಗಳಿಗೆ ಕೃತಜ್ಞತೆ, ಗಂಡಹೆಂಡಿರು ಸುಖವಾಗಿದ್ದೇವೆ ಎಂಬ ಮಾತು. ಆರ್ಡಿಸ್ ಓದಿ ತಲೆಯಾಡಿಸಿದಳು. ಪತ್ರ ಹೋಯಿತು. ಇಬ್ಬರೂ ವರ್ನಾಳ ಹಾಟ್‌ಡಿಶ್ ಬಿಸಿ ಮಾಡಿ ಊಟಕ್ಕೆ ಕೂತರು. ಎರಡನೆಯ ತುತ್ತಿಗೆ ಬಾಗಿಲ ಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ವರ್ನಾ. ಅತ್ತು ಅತ್ತು ಮೂಗು ಊದಿತ್ತು. ಈ ಸಲ ಕೈಯಲ್ಲಿ ಎರಡು ತಟ್ಟೆ.

"ಬಿಸಿಲು ಇಳೀತಲ್ಲ," ಎಂದಳು.

"ವರ್ನಾ, ನೀನು ಕೊನೆವರೆಗೂ..." ಎಂದು ಶುರುಮಾಡಿದ ಓರ್ಲಿನ್.

"ನೀನೇನೂ ಹೇಳ್ಬೇಡಪ್ಪ. ನಾನು ಕೇಳೋಳಲ್ಲ, ನೀನು ಹೇಳೋನಲ್ಲ. ಈಗ ಎರಡು ಮನೆ ಆಗುತ್ತಲ್ಲ, ಅದಕ್ಕೆ ಬೇರೆ ಬೇರೆ ತಟ್ಟೇಲಿ ತಂದೆ." ಎರಡನ್ನೂ ಅವನ ಕೈಗಿಟ್ಟು ಮುಖ ಮುಚ್ಚಿಕೊಂಡು ಹೊರಟಳು.

ಅವಳ ಹಿಂದೆ ಪಾದ್ರಿಗಳ ಕಾರು ನಿಲ್ಲುತ್ತಿತ್ತು. ಅದರ ಹಿಂದೆ ಎಲ್ರಾಯ್, ತನ್ನ ಗಾಡಿಯನ್ನು ಹಿಮ್ಮುಖವಾಗಿ ಓರ್ಲಿನ್‌ನ ಅಂಗಳಕ್ಕೆ ತರುತ್ತಿದ್ದ. ಗಾಡಿಯ ಬಾಲಕ್ಕೆ ಕಟ್ಟಿಕೊಂಡು ಹದಿನಾರು ಅಡಿಯ ದೋಣಿ ಬರುತ್ತಿತ್ತು. ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಿಂತ ಓರ್ಲಿನ್, ಒಂದು ದೋಣಿ ತುಂಬಲು ಎಷ್ಟು ರೂಬಾರ್ಬ್ ಬೇಕಾದೀತೆಂದು ಲೆಕ್ಕ ಹಾಕತೊಡಗಿದ.