ಚೀಲ ಹರಿಯಬೇಕಾದ ದಿನಾಂಕ

ಸುಸ್ಥಿರ ದಿನಬಳಕೆ ಪರಿಕರಗಳ ಆಯ್ಕೆ ಮಂಡಳಿಯ ಒಂಬತ್ತನೆಯ ನಮೂನೆಯಲ್ಲಿ ಒಟ್ಟು ನಲವತ್ತೊಂದು ಅಂಕಣಗಳಿದ್ದು, ಅವುಗಳಲ್ಲಿ ಯಾವುದನ್ನೂ ಖಾಲಿ ಬಿಡತಕ್ಕದ್ದಲ್ಲ. ಈ ನಿಯಮ ಮಾಡಿದವರು ಯಾರೆಂದು ಮಂಡಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣ, ಅದನ್ನು ಬದಲಿಸಲು ಯಾರನ್ನು ಕೇಳಬೇಕೆಂಬುದೂ ಗೊತ್ತಿರಲಿಲ್ಲ. ಮೂವತ್ತೆಂಟನೆಯ ಅಂಕಣದ ತಲೆಬರಹ ಹೀಗಿತ್ತು: 'ವಸ್ತು ಹರಿದ ದಿನಾಂಕ'.

ಉಣ್ಣೆಯಕ್ಕನಿಗೆ ಗ್ರಹಚಾರ ವಕ್ಕರಿಸಿದ್ದು ಈ ಮೂವತ್ತೆಂಟರಿಂದ.

ಉಣ್ಣೆಯಕ್ಕ ಎಂದು ಬೀದಿಯವರೆಲ್ಲ ಕರೆಯುವ ಈ ಹೆಂಗಸು, ತನ್ನ ಅತ್ತೆಯ ಜೊತೆ, ಬೀಗ ರಿಪೇರಿ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಉಣ್ಣೆಯ ಫೆಲ್ಟ್ ಮಾಡುತ್ತಿದ್ದಳು. ಹಿಂಜಿದ ಉಣ್ಣೆಯನ್ನು ಅಡ್ಡಡ್ಡ, ಉದ್ದುದ್ದ ಪದರಪದರವಾಗಿ ಹರಡಿ, ಬಿಸಿ ಸೋಪಿನ ನೀರು ಚಿಮುಕಿಸಿ, ಚಾಪೆಯಲ್ಲಿ ಸುತ್ತಿ, ನಾನೂರು ಸಲ ಉರುಳಿಸಿದರೆ ಉಣ್ಣೆ ಕುಗ್ಗಿ, ಎಳೆಗೆ ಎಳೆ ಕಚ್ಚಿಕೊಂಡು ಗಟ್ಟಿ ಬಟ್ಟೆಯಾಗುತ್ತದೆ. ಹೊಲಿಗೆಯಿಲ್ಲ, ಅಂಟಿಲ್ಲ. ಕೊನೆಗೆ ಅತ್ತೆ ಎರಡು ಬೆರಳಲ್ಲಿ ಚಿವುಟಿ ನೋಡುತ್ತಿದ್ದರು. ಒಂದೇ ಒಂದು ಎಳೆ ಮೇಲೆದ್ದರೂ "ಇನ್ನೂ ಹಸೀ ಇದೆ ಕಣೇ" ಎಂದು ಮತ್ತೆ ಚಾಪೆಗೆ ಎಸೆಯುತ್ತಿದ್ದರು. ಆ ಕೋಣೆಯಿಂದ ಹೊರಟ ಚೀಲ, ಚಪ್ಪಲಿ, ಕನ್ನಡಕದ ಡಬ್ಬಿ, ಕುರ್ಚಿಯ ಮೆತ್ತೆ ಯಾವುದೂ ಈತನಕ ದುರಸ್ತಿಗೆಂದು ವಾಪಸು ಬಂದಿರಲಿಲ್ಲ. ಇದನ್ನು ಅವರಿಬ್ಬರೂ ಹೆಮ್ಮೆಯ ಸಂಗತಿ ಎಂದು ತಪ್ಪು ತಿಳಿದಿದ್ದರು.

ಹೀಗಿರಲು ಮಂಡಳಿಯ ಪ್ರಕಟಣೆ ಹೊರಬಿತ್ತು.

"ಪ್ಲಾಸ್ಟಿಕ್ಕಿನಿಂದ ಪರಿಸರಕ್ಕಾಗುತ್ತಿರುವ ಹಾನಿಯನ್ನು ಮನಗಂಡು, ಇನ್ನು ಆರು ತಿಂಗಳ ತರುವಾಯ ಮಂಡಳಿಯ ಆಯ್ಕೆಪಟ್ಟಿಯಲ್ಲಿರುವ ಉಣ್ಣೆಯ ಪರಿಕರಗಳನ್ನು ಮಾತ್ರ ಮಾರತಕ್ಕದ್ದು. ಪಟ್ಟಿಯಲ್ಲಿಲ್ಲದವರ ಅಂಗಡಿಗೆ ಬೀಗಮುದ್ರೆ ಹಾಕಲಾಗುವುದು. ಅರ್ಜಿಯನ್ನು ಏಳು ಪ್ರತಿಗಳಲ್ಲಿ, ಒಂದೊಂದು ಪ್ರತಿಯನ್ನೂ ಪ್ರತ್ಯೇಕ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಸಲ್ಲಿಸುವುದು."

ಉಣ್ಣೆಯಕ್ಕ ಖುಷಿಯಿಂದ ಹದಿನಾಲ್ಕು ಲಕೋಟೆ ಕೊಂಡಳು. ಏಳು ಅರ್ಜಿಗೆ, ಏಳು ಮುನ್ನೆಚ್ಚರಿಕೆಗೆ. ಒಂದು ಚೀಲ, ಒಂದು ಮೆತ್ತೆ, ಒಂದು ಜೊತೆ ಚಪ್ಪಲಿಯನ್ನು ಮಾದರಿಯೆಂದು ಕೊಟ್ಟು ಬಂದಳು.

ಮಂಡಳಿಯಲ್ಲಿ ಎಳೆದು ಹರಿಯುವ ಯಂತ್ರವೊಂದಿತ್ತು. ಆದರೆ ಆ ಯಂತ್ರವನ್ನೇ ಇನ್ನೂ ಪರೀಕ್ಷಿಸಿರಲಿಲ್ಲವಾಗಿ ಅದು ಪೆಟ್ಟಿಗೆಯೊಳಗೆ ವಿಶ್ರಾಂತಿಯಲ್ಲಿತ್ತು. ಅದರ ಕೆಲಸವನ್ನು ಪರೀಕ್ಷಕರು ಸ್ವತಃ ಮಾಡುತ್ತಿದ್ದರು. ಸಣಕಲು ದೇಹದ, ಬಲು ಪ್ರಾಮಾಣಿಕ ಮನುಷ್ಯ. ಚೀಲದಲ್ಲಿ ಹನ್ನೆರಡು ಕಿಲೋ ಹಳೆಯ ಕಡತ ತುಂಬಿ ದಿನಕ್ಕೆ ಹದಿನಾಲ್ಕು ಸಲ ಮೂರು ಮಹಡಿ ಹತ್ತಿಳಿಯುತ್ತಿದ್ದರು. ಬೇರೆ ಅರ್ಜಿದಾರರ ಚೀಲಗಳು ಸಹಕಾರ ಮನೋಭಾವದವಾಗಿದ್ದವು. ಒಂದರ ಹಿಡಿ ಮೂರನೆಯ ದಿನ ಕಿತ್ತುಬಂತು. ಇನ್ನೊಂದು ಎರಡನೆಯ ದಿನವೇ ತಳ ಕಳಚಿ ಕಡತಗಳನ್ನೆಲ್ಲ ಮೆಟ್ಟಿಲ ಮೇಲೆ ಸುರಿಯಿತು. ಪರೀಕ್ಷಕರು ಸುರಿದ ಕಡತಗಳ ಮಧ್ಯೆಯೇ ಕುಳಿತು ದಿನಾಂಕ ಬರೆದರು. ನಲವತ್ತೊಂದೂ ಅಂಕಣ ಭರ್ತಿಯಾಯಿತು, ಚೀಲ ಪಟ್ಟಿಗೆ ಸೇರಿತು.

ನಾಲ್ಕು ತಿಂಗಳು ಕಳೆದ ಮೇಲೆ ಅವರು ಉಣ್ಣೆಯಕ್ಕನ ಕೋಣೆಗೆ ಬಂದರು. ಕಾಲಿನ ಮೀನಖಂಡ ಕುಸ್ತಿಪಟುವಿನದರಂತೆ ಉಬ್ಬಿತ್ತು, ಮುಖ ಮಾತ್ರ ಬಾಡಿತ್ತು.

"ಅಕ್ಕಾ, ನಿಮ್ಮ ಚೀಲ ಇನ್ನೂ ಹರೀಲಿಲ್ಲ."

"ಹೌದಾ ಸಾರ್? ಕೇಳಿ ಸಂತೋಷ ಆಯ್ತು."

"ಸಂತೋಷ ಪಡೋ ವಿಷಯ ಅಲ್ಲ ಇದು. ನಾನು ದೂರು ಹೇಳೋಕೆ ಬಂದಿರೋದು."

"ಬಾಳಿಕೆ ಬಂದ್ರೆ ಒಳ್ಳೇದಲ್ವಾ?"

"ಒಳ್ಳೇದು ಅಂತ ಬರೆಯೋಕೆ ಅಂಕಣ ಇಲ್ಲ ಅಕ್ಕಾ."

"'ಹರಿದಿಲ್ಲ' ಅಂತ ಬರೀರಿ ಹಾಗಾದ್ರೆ."

"ಅದು ದಿನಾಂಕ ಅಲ್ವಲ್ಲ."

ಮೂಲೆಯಲ್ಲಿ ಉಣ್ಣೆ ಹಿಂಜುತ್ತಿದ್ದ ಅತ್ತೆ ತಲೆಯೆತ್ತಿದರು. "ಅಷ್ಟಕ್ಕೆ ಯಾಕಪ್ಪಾ ಒದ್ದಾಡ್ತೀಯಾ? ಒಂದು ಕತ್ತರಿ ತಗೊಂಡು ಕಚಕ್ ಅನ್ನಿಸು."

"ಅದು 'ಕತ್ತರಿಸಿದ ದಿನಾಂಕ' ಆಗುತ್ತೆ ಅಜ್ಜೀ. ಆ ಅಂಕಣ ಬೇರೆ ನಮೂನೇಲಿದೆ," ಎಂದು ಪರೀಕ್ಷಕರು ನಿಟ್ಟುಸಿರುಬಿಟ್ಟರು.

ಮೆತ್ತೆಯ ಮತ್ತು ಚಪ್ಪಲಿಯ ವಿಷಯ ಕೇಳಿದಾಗ ತಿಳಿದದ್ದಿಷ್ಟು. ಮೆತ್ತೆಯನ್ನು ಮಂಡಳಿಯ ಅಧ್ಯಕ್ಷರು ಖುದ್ದಾಗಿ ತಮ್ಮ ಕುರ್ಚಿಯ ಮೇಲೆ ಪರೀಕ್ಷೆಗೊಡ್ಡಿದ್ದು, ಸೊಂಟನೋವು ಕಡಿಮೆಯಾದುದರಿಂದ ಪರೀಕ್ಷೆಯ ಅವಧಿಯನ್ನು ಅವರ ನಿವೃತ್ತಿಯವರೆಗೆ ವಿಸ್ತರಿಸಲಾಗಿತ್ತು. ಚಪ್ಪಲಿಯನ್ನು ಗೃಹಬಳಕೆಯ ಪರೀಕ್ಷೆಗಾಗಿ ಅಧ್ಯಕ್ಷರ ಅತ್ತೆಯವರಿಗೆ ಒಪ್ಪಿಸಲಾಗಿತ್ತು. ತುಲನಾತ್ಮಕ ಅಧ್ಯಯನಕ್ಕೆ ಅತ್ತೆಯವರ ತಂಗಿಗೂ ಒಂದು ಜೊತೆ ಬೇಕೆಂದು, ಅಳತೆಯ ಸಮೇತ, ಒಂದು ಜ್ಞಾಪನಪತ್ರ ಬಂದಿತ್ತು.

ಉಣ್ಣೆಯಕ್ಕ ಅಧ್ಯಕ್ಷರನ್ನೇ ಕಾಣಲು ಹೋದಳು. ಅವರು ಅವಳ ಮೆತ್ತೆಯ ಮೇಲೆ ಹಾಯಾಗಿ ಕುಳಿತಿದ್ದರು.

"ಎಂಥಾ ಕೆಲಸಗಾರಿಕೆ ಅಮ್ಮಾ ನಿಮ್ಮದು! ಇಂಥಾದ್ದು ನಾನು ಜನ್ಮದಲ್ಲಿ ನೋಡಿಲ್ಲ."

"ಹಾಗಾದ್ರೆ ಪಟ್ಟಿಗೆ ಸೇರಿಸಿ ಸಾರ್. ಇನ್ನು ಎರಡು ತಿಂಗಳೂ ಇಲ್ಲ. ಆಮೇಲೆ ಬಾಗಿಲು ಹಾಕಬೇಕಾಗುತ್ತೆ. ನಂಗೂ ನಮ್ಮತ್ತೆಗೂ ಬೇರೆ ಕಸುಬು ಬರಲ್ಲ."

"ಇಷ್ಟು ಒಳ್ಳೇದನ್ನ ಹೇಗಮ್ಮಾ ಸೇರಿಸೋದು? ನೀವೇ ಯೋಚನೆ ಮಾಡಿ. ಸುಸ್ಥಿರ ಅಂದ್ರೆ ಏನು? ನಿರಂತರವಾಗಿ ನಡೀತಾ ಇರಬೇಕು. ನಿಮ್ಮ ಚೀಲ ತಗೊಂಡೋನು ಹತ್ತು ವರ್ಷ ಅಂಗಡಿ ಕಡೆ ತಲೆನೇ ಹಾಕಲ್ಲ. ಅಲ್ಲಿಗೆ ಏನು ನಡೀತು? ಎಲ್ಲಾ ನಿಂತುಹೋಯ್ತು."

ತಮಾಷೆಯ ಸುಳಿವೂ ಇಲ್ಲದೆ ಇಷ್ಟು ಹೇಳಿ, ಮೆತ್ತೆಯ ಮೇಲೆ ಒಂದು ಸಲ ಸರಿದು ಕುಳಿತು, ಮುಂದಿನ ಕಡತಕ್ಕೆ ಕೈಹಾಕಿದರು.

ಅವತ್ತು ಸಂಜೆ ಉಣ್ಣೆಯಕ್ಕ ಕೆಟ್ಟ ಚೀಲ ಮಾಡಲು ಕುಳಿತಳು. ಅದು ಅಷ್ಟು ಸುಲಭವಲ್ಲವೆಂದು ಕುಳಿತ ಮೇಲೆ ತಿಳಿಯಿತು. ಉಣ್ಣೆಯನ್ನು ಒಂದೇ ದಿಕ್ಕಿಗೆ ಹರಡಬೇಕೆಂದುಕೊಂಡರೆ ಕೈ ತಾನಾಗಿ ಅಡ್ಡಪದರ ಹಾಕುತ್ತಿತ್ತು. ಅರವತ್ತು ಸಲ ಉರುಳಿಸಿ ನಿಲ್ಲಿಸಬೇಕೆಂದರೆ ಮನಸ್ಸು ಎಲ್ಲೋ ಹೋಗಿ, ನೋಡುವಷ್ಟರಲ್ಲಿ ಇನ್ನೂರು ದಾಟಿರುತ್ತಿತ್ತು. ಅವಳು ಕೈಬಿಟ್ಟರೆ ಪಕ್ಕದಿಂದ ಅತ್ತೆಯ ಕೈ ಬಂದು ಮುಂದುವರಿಸುತ್ತಿತ್ತು. ಮೊದಲ ಮೂರು ಕೆಟ್ಟ ಚೀಲಗಳು ಅಪ್ಪಟ ಒಳ್ಳೆಯ ಚೀಲಗಳಾದವು.

"ನನ್ನ ಕೈ ಕೇಳಲ್ಲ ಕಣೇ," ಎಂದರು ಅತ್ತೆ. "ಐವತ್ತು ವರ್ಷದ ಅಭ್ಯಾಸ."

"ನೀವು ಎದ್ದು ಬಾಗಿಲ ಹತ್ರ ಹೋಗಿ ಕೂತ್ಕೊಳ್ಳಿ ಅತ್ತೆ. ದಮ್ಮಯ್ಯ ಅಂತೀನಿ."

ನಾಲ್ಕನೆಯದು ಕೈಗೂಡಿತು. ಚಿವುಟಿದರೆ ಜೊಂಪೆಜೊಂಪೆ ಎದ್ದು ಬರುತ್ತಿತ್ತು. ಅದನ್ನು ಹೊಸ ಮಾದರಿಯೆಂದು ಕೊಡಲು ಲಕೋಟೆಗೆ ಹಾಕುವಾಗ ಉಣ್ಣೆಯಕ್ಕನಿಗೆ ಕದ್ದು ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. ಅತ್ತೆ ಅವಳ ಮುಖ ನೋಡಲಿಲ್ಲ. ಇಬ್ಬರೂ ಊಟ ಮಾಡಿ ಮಲಗಿದರು.

ಮೂರನೆಯ ದಿನ ಪರೀಕ್ಷಕರು ಬೀದಿಯ ಆ ತುದಿಯಿಂದಲೇ ಕೂಗಿಕೊಂಡು ಬಂದರು. "ಹರೀತು ಅಕ್ಕಾ! ಎರಡನೇ ಮಹಡೀಲಿ! ಸಂಜೆ ನಾಲ್ಕೂಕಾಲು ಗಂಟೆಗೆ!" ಅವರ ಕಣ್ಣು ತುಂಬಿತ್ತು. ಮಂಡಳಿಯವರು ಎಲ್ಲರಿಗೂ ಚಹ ಕೊಟ್ಟು ಪ್ರಮಾಣಪತ್ರ ಹಸ್ತಾಂತರಿಸಿದರು. ಅರ್ಜಿದಾರರು ಅಲ್ಪಾವಧಿಯಲ್ಲಿ ಗುಣಮಟ್ಟವನ್ನು ನಿಯಮಕ್ಕೆ ತಕ್ಕಂತೆ ತಿದ್ದಿಕೊಂಡಿದ್ದಾರೆಂದು ಅದರಲ್ಲಿ ಶ್ಲಾಘಿಸಲಾಗಿತ್ತು.

ಅಲ್ಲಿಂದಾಚೆಗೆ ಪ್ರತಿ ಚೀಲಕ್ಕೂ ಒಂದು ಚೀಟಿ ಕಡ್ಡಾಯವಾಯಿತು: 'ಹರಿಯುವ ದಿನಾಂಕ: ಕೊಂಡ ಮೂರನೆಯ ದಿನ'. ಗ್ರಾಹಕರಿಗಾಗಿ ಮಂಡಳಿ 'ಒಳ್ಳೆಯ ಉಣ್ಣೆಯ ಪರಿಕರವನ್ನು ಆರಿಸುವ ಬಗೆ' ಎಂಬ ಕೈಪಿಡಿಯನ್ನೂ ಹೊರತಂದಿತು. ಚೀಟಿಯನ್ನು ಗಮನವಿಟ್ಟು ಓದಬೇಕು, ಚಿವುಟಿ ನೋಡಬಾರದು, ಎಷ್ಟು ದಿನ ಬರುತ್ತದೆಂದು ಅಂಗಡಿಯವರನ್ನು ಕೇಳಿ ಮುಜುಗರಪಡಿಸಬಾರದು. ಜನ ಬೇಗ ಹೊಂದಿಕೊಂಡರು. ಗುರುವಾರ ಹರಿಯುವ ಚೀಲದಲ್ಲಿ ಬುಧವಾರದೊಳಗೆ ತರಕಾರಿ ತಂದು ಮುಗಿಸುತ್ತಿದ್ದರು. ಹೇಳಿದ ದಿನಕ್ಕೆ ಸರಿಯಾಗಿ ಹರಿಯುತ್ತದೆ, ಮಾತಿಗೆ ತಪ್ಪುವವಳಲ್ಲ ಎಂದು ಉಣ್ಣೆಯಕ್ಕನಿಗೆ ಊರಲ್ಲಿ ಒಳ್ಳೆಯ ಹೆಸರು ಬಂತು.

ಒಂದು ಮಧ್ಯಾಹ್ನ ಶಾಲೆಯ ಟೀಚರೊಬ್ಬರು ಬುಸುಗುಡುತ್ತಾ ಒಳಗೆ ಬಂದು ಚೀಲವನ್ನು ಮೇಜಿನ ಮೇಲೆ ಕುಕ್ಕಿದರು.

"ಏನ್ರೀ ಇದು ಮೋಸ? ಇವತ್ತಿಗೆ ಹನ್ನೊಂದು ದಿನ ಆಯ್ತು, ಇನ್ನೂ ಹರಿದಿಲ್ಲ! ಇದನ್ನ ನಂಬ್ಕೊಂಡು ನಾನು ಆಗಲೇ ಇನ್ನೊಂದು ಚೀಲ ತಗೊಂಡಿದ್ದೀನಿ. ನಮ್ಮ ಮಕ್ಕಳು ಇಬ್ಬರೂ ಜೋತುಬಿದ್ದು ಎಳೆದರೂ ಜಪ್ಪಯ್ಯ ಅನ್ನಲಿಲ್ಲ."

ಉಣ್ಣೆಯಕ್ಕ ಚೀಲವನ್ನು ಕೈಗೆತ್ತಿಕೊಂಡು ಚಿವುಟಿದಳು. ಒಂದು ಎಳೆಯೂ ಏಳಲಿಲ್ಲ. ತಿರುಗಿ ನೋಡಿದರೆ ಅತ್ತೆ ತಲೆ ತಗ್ಗಿಸಿ ಸೋಪಿನ ನೀರು ಕಲಕುತ್ತಿದ್ದರು. ಯಾವುದೋ ಯೋಚನೆಯಲ್ಲಿ ನಾನೂರೂ ಉರುಳಿಸಿಬಿಟ್ಟಿದ್ದರು.

ಉಣ್ಣೆಯಕ್ಕನಿಗೆ ಒಂದು ಗಳಿಗೆ ಆ ಚೀಲವನ್ನು ಎದೆಗೆ ಅವಚಿಕೊಳ್ಳಬೇಕೆನ್ನಿಸಿತು. ಮರುಗಳಿಗೆ ಗೋಡೆಯ ಮೇಲಿನ ಪ್ರಮಾಣಪತ್ರ ಕಣ್ಣಿಗೆ ಬಿತ್ತು.

"ತಪ್ಪಾಯ್ತು ಟೀಚರ್. ಬೇರೆ ಕೊಡ್ತೀನಿ. ಅದು ಖಂಡಿತ ಹರಿಯುತ್ತೆ."

"ಹೋಗ್ಲಿ ಬಿಡಿ, ಪಾಪ, ಅಜ್ಜಿಗೆ ವಯಸ್ಸಾಯ್ತಲ್ಲ," ಎಂದು ಟೀಚರ್ ದೊಡ್ಡ ಮನಸ್ಸು ಮಾಡಿದರು. ಇನ್ನು ಮುಂದೆ ಇಂಥ ಲೋಪವಾಗದಂತೆ ನೋಡಿಕೊಳ್ಳುವುದಾಗಿ ಉಣ್ಣೆಯಕ್ಕ ಏಳು ಪ್ರತಿಗಳಲ್ಲಿ ಬರೆದುಕೊಟ್ಟಳು. ಲೋಪವುಳ್ಳ ಚೀಲವನ್ನು ಪರೀಕ್ಷಕರು ಹೆಚ್ಚಿನ ಪರಿಶೀಲನೆಗೆಂದು ತಮ್ಮ ಮನೆಗೆ ಒಯ್ದರು.

ಮಾರನೆಯ ದಿನದಿಂದ ಉಣ್ಣೆಯಕ್ಕ ಅತ್ತೆಯ ಪಕ್ಕದಲ್ಲೇ ಕುಳಿತು ಗಟ್ಟಿಯಾಗಿ ಎಣಿಸುತ್ತಿದ್ದಳು. ಅರವತ್ತು ಎಂದೊಡನೆ ಅವರ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಮೊದಮೊದಲು ಅತ್ತೆಯ ಕೈ ಅವಳ ಹಿಡಿತದೊಳಗೇ ಇನ್ನೂ ನಾಲ್ಕಾರು ಸಲ ಅಲುಗಾಡುತ್ತಿತ್ತು.

ಈಗ ಹಿಡಿಯುವ ಅಗತ್ಯ ಬೀಳುತ್ತಿಲ್ಲ.

"ಸರಿಯಾಯ್ತೇನೇ?" ಎಂದು ಅತ್ತೆ ಕೇಳುತ್ತಾರೆ.

"ಸರಿಯಾಯ್ತು ಅತ್ತೆ," ಎನ್ನುತ್ತಾಳೆ ಸೊಸೆ.

ಅತ್ತೆಯ ಕೈ ಐವತ್ತೆಂಟಕ್ಕೇ ನಿಲ್ಲುತ್ತದೆ.